ಗಂಟಲಲ್ಲಿ ಸಿಕ್ಕ ಅಕ್ಷರ

ಹವಾಯಿ ಭಾಷೆಯ ಶಬ್ದವೊಂದನ್ನು ನಾನು ಮೊದಲ ಸಲ ಕೇಳಿದ್ದು ವಿಜಯಪುರದ ಹತ್ತಿರದ ಒಂದು ಹೊಲದಲ್ಲಿ, ಅರ್ಧ ತೋಡಿದ ಬಾವಿಯ ದಂಡೆಯ ಮೇಲೆ ನಿಂತುಕೊಂಡು. ಎರಿ ಮಣ್ಣು ಮುಗಿದು, ಅದರ ಕೆಳಗಿನ ಗರಸು ಮುಗಿದು, ಕರಿಕಲ್ಲು ಹತ್ತಿತ್ತು. ನೀರು ಮಾತ್ರ ಹತ್ತಿರಲಿಲ್ಲ. ಹೊಲದ ಒಡೆಯ ನನ್ನ ಸೋದರಮಾವನ ಮಗ. ಭೂಗರ್ಭಶಾಸ್ತ್ರ ಓದಿದ ನನ್ನ ಗೆಳೆಯನನ್ನು ಕರೆದುಕೊಂಡು ಬಂದರೆ ಇನ್ನೆಷ್ಟು ತೋಡಬೇಕು ಅಂತಾದರೂ ಹೇಳಿಯಾನು ಎಂದು ಅವನ ಆಸೆ. ಗೆಳೆಯ ಬಂದ. ಆದರೆ ಭೂಗರ್ಭದವರಿಗೆ ನೀರಿಗಿಂತ ಕಲ್ಲಿನ ಮೇಲೆ ಮೋಹ ಹೆಚ್ಚು. ಮೇಲೆ ಎಳೆದು ಹಾಕಿದ್ದ ರಾಶಿಯಲ್ಲಿ ಮೈತುಂಬ ಗುಳ್ಳೆ ತೂತುಗಳಿದ್ದ ಒಂದು ಕಲ್ಲನ್ನು ಆರಿಸಿ, ಬಾಣಂತಿ ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವ ಹಾಗೆ ಎತ್ತಿಕೊಂಡು, "ಇದು ಪಾಹೊಯ್‌ಹೊಯ್ ಇರಬೇಕು ನೋಡ್ರಿ" ಅಂದ.

ಕೆಳಗೆ ಬುಟ್ಟಿಗೆ ಕಲ್ಲು ತುಂಬುತ್ತಿದ್ದ ಆಳು ತಲೆ ಎತ್ತಿದ. "ಹೊಯ್ ಹೊಯ್ ಅಂದ್ರ ಎಮ್ಮಿ ಹೊಡಿಯೋದಲ್ರೀ ಸಾಹೇಬ್ರ? ಕಲ್ಲಿಗ್ಯಾಕ ಅಂತೀರಿ?"

ಎಲ್ಲರೂ ನಕ್ಕೆವು. ಗೆಳೆಯ ಮಾತ್ರ ನಗದೆ ಪಾಠಕ್ಕೆ ತೊಡಗಿದ. ನಮ್ಮ ಈ ದಖ್ಖನ್ನಿನ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದೊಳಗಿಂದ ಉಕ್ಕಿ ಹರಿದು ಆರಿದ ಲಾವಾ. ಲಾವಾ ಹರಿಯುವುದರಲ್ಲಿ ಎರಡು ಮುಖ್ಯ ಬಗೆ. ಒಂದು ನುಣ್ಣಗೆ, ಹಾಲಿನ ಕೆನೆ ಸುಕ್ಕಾದಂತೆ, ಹಗ್ಗ ಹೊಸೆದಂತೆ ಮಡಿಕೆಬಿದ್ದು ಆರುತ್ತದೆ. ಇನ್ನೊಂದು ಮೇಲ್ಮೈಯೆಲ್ಲ ಒಡೆದು, ಬರಿಗಾಲಲ್ಲಿ ತುಳಿದರೆ ಚರ್ಮ ಕಿತ್ತುಬರುವಂಥ ಮುಳ್ಳು ಕಲ್ಲಾಗುತ್ತದೆ. ಮೊದಲನೆಯದು ಪಾಹೊಯ್‌ಹೊಯ್, ಎರಡನೆಯದು ಆ‌ಆ. ಎರಡೂ ಹವಾಯಿ ದ್ವೀಪದವರ ಶಬ್ದಗಳು. ಅಲ್ಲಿಯ ಬೆಟ್ಟಗಳು ಇವತ್ತಿಗೂ ಲಾವಾ ಕಾರುತ್ತಿರುವುದರಿಂದ ಅದಕ್ಕೆ ಬೇಕಾದ ಮಾತೂ ಅವರ ಹತ್ತಿರ ಸಿದ್ಧವಾಗಿತ್ತು. ಕ್ಲಾರೆನ್ಸ್ ಡಟನ್ ಎಂಬ ಅಮೆರಿಕದ ಭೂವಿಜ್ಞಾನಿ 1880ರ ದಶಕದಲ್ಲಿ ಅವನ್ನು ಎತ್ತಿಕೊಂಡು ಹೋಗಿ ತನ್ನ ಶಾಸ್ತ್ರಕ್ಕೆ ಸೇರಿಸಿದ. "ಅಂದ್ರ ಮಾಸ್ತರ, ನಿಮ್ಮ ಗೋಲ್‌ಗುಮ್ಮಟದ ಕಲ್ಲಿನ ಜಾತಕ ಬರಿಯೋದು ಹವಾಯಿ ಭಾಷಾದಾಗ" ಎಂದು ಗೆಳೆಯ ಮುಗಿಸಿದ. ನೀರಿನ ಮಾತು ಕೊನೆಗೂ ಬರಲಿಲ್ಲ. ಆ ತೂತಿನ ಕಲ್ಲನ್ನು ನಾನು ಮನೆಗೆ ತಂದು ಮೇಜಿನ ಮೇಲೆ ಇಟ್ಟುಕೊಂಡೆ.

ನಾನು ಕನ್ನಡ ಮಾಸ್ತರ. ಕಲ್ಲಿನ ಜಾತಕಕ್ಕಿಂತ ಶಬ್ದದ ಜಾತಕ ನೋಡುವ ಚಟ. ಹುಡುಕಿ ನೋಡಿದರೆ ಅದು ಹೊಯ್‌ಹೊಯ್ ಅಲ್ಲ, ಪಾಹೊಎಹೊಎ. ಒ ಆದ ಮೇಲೆ ಎ. ನಡುವೆ ಯಾರೂ ಇಲ್ಲ. ನಾಲ್ಕು ಸಲ ಹೇಳಿ ನೋಡಿದೆ. ನಾಲ್ಕು ಸಲವೂ ನನ್ನ ನಾಲಿಗೆ ಹೊಯೆ, ಹೊಯೆ ಅಂತಲೇ ಹೊರಳಿತು. ಮೂವತ್ತು ವರ್ಷ ಮಕ್ಕಳಿಗೆ ಆಗಮ ಸಂಧಿ ಕಲಿಸಿದ ನಾಲಿಗೆ ಅದು, ಬೇರೆ ಏನು ಮಾಡೀತು? ಎರಡು ಸ್ವರ ಎದುರುಬದುರಾದರೆ ಕನ್ನಡಕ್ಕೆ ಮುಜುಗರ. ಒಂದನ್ನು ಹೊರಗೆ ಹಾಕಿ ಲೋಪ ಮಾಡುತ್ತದೆ. ಇಲ್ಲವೇ ನಡುವೆ ಯಕಾರವನ್ನೋ ವಕಾರವನ್ನೋ ಮಧ್ಯಸ್ಥಿಕೆಗೆ ಕೂರಿಸುತ್ತದೆ. ಮನೆಯನ್ನು, ಗುರುವನ್ನು. ನಾವು "ಹವಾಯಿ" ಎಂದು ಬರೆಯುವಾಗಲೂ ಆ ಯಕಾರ ಹೇಳದೆ ಕೇಳದೆ ಒಳಗೆ ಬಂದು ಕೂತಿದೆ. ಅದು ಯಾರ ಜಾಗದಲ್ಲಿ ಕೂತಿದೆ ಎಂಬುದು ನನಗೆ ಗೊತ್ತಾಗಿದ್ದು ತುಂಬ ತಡವಾಗಿ. ಆ ಮಾತು ಆಮೇಲೆ ಬರುತ್ತದೆ.

ಹವಾಯಿಯವರಿಗೆ ಇಂಥ ಮುಜುಗರ ಇಲ್ಲ. ಒ‘ಅಹು ದ್ವೀಪದಲ್ಲಿ ಒಂದು ಊರಿದೆ. ಅದರ ಹೆಸರು ‘ಐಎಅ. ಕನ್ನಡದಲ್ಲಿ ಬರೆದರೆ ಒಂದನೆಯ ತರಗತಿಯ ಹುಡುಗ ಸ್ವರಗಳನ್ನು ಕಲಸಿ ಬರೆದಂತೆ ಕಾಣುತ್ತದೆ. ಅಲ್ಲಿ ಜನ ವಾಸವಾಗಿದ್ದಾರೆ, ಕಾಗದ ಪತ್ರ ಬರುತ್ತವೆ, ಬಸ್ಸು ನಿಲ್ಲುತ್ತದೆ.

ಅವರ ವರ್ಣಮಾಲೆಯಲ್ಲಿ ಇರುವುದೇ 13 ಅಕ್ಷರ. ಐದು ಸ್ವರ: ಅ, ಎ, ಇ, ಒ, ಉ. ಇವುಗಳ ದೀರ್ಘಕ್ಕೆ ನೆತ್ತಿಯ ಮೇಲೊಂದು ಗೆರೆ. ವ್ಯಂಜನ ಎಂಟು. ಹ, ಕ, ಲ, ಮ, ನ, ಪ, ವ ಎಂದು ಏಳನ್ನು ಎಣಿಸಬಹುದು, ಎಂಟನೆಯದನ್ನು ಹೇಳಲಾಗುವುದಿಲ್ಲ, ಕೆಮ್ಮಬೇಕು. ನಮ್ಮ ಶಾಲೆಯ ಗೋಡೆಯ ಮೇಲೆ 49 ಅಕ್ಷರಗಳಿದ್ದವು: 13 ಸ್ವರ, 2 ಯೋಗವಾಹ, 34 ವ್ಯಂಜನ. ನಾವು ಬರಿಯ ಸ್ವರಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಅವರ ಇಡೀ ವರ್ಣಮಾಲೆ ಮುಗಿದು ಗಂಟೆ ಹೊಡೆದಿರುತ್ತದೆ. ಮಹಾಪ್ರಾಣ ಇಲ್ಲ, ಒತ್ತಕ್ಷರ ಇಲ್ಲ, ಅರ್ಕಾವತ್ತು ಇಲ್ಲ. ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡ ಮಕ್ಕಳೆಲ್ಲ ಹವಾಯಿಯಲ್ಲಿ ಹುಟ್ಟಿದ್ದರೆ ಪಾರಾಗುತ್ತಿದ್ದರು.

ಹಾಗೆಂದು ಅಕ್ಷರ ಕಡಿಮೆ ಇದ್ದವರನ್ನು ಬಡವರು ಎನ್ನುವ ಹಾಗಿಲ್ಲ. ಅವರು ಇದ್ದುದನ್ನೇ ಹೊರಳಿಸಿ ಹೊರಳಿಸಿ ಬಳಸುತ್ತಾರೆ, ಎರಡು ಸೀರೆಯಲ್ಲಿ ವರ್ಷ ಕಳೆಯುವ ಹೆಂಗಸಿನ ಹಾಗೆ. ಅವರ ದೊಡ್ಡ ಉಪಾಯ ನಮಗೂ ಪರಿಚಿತವಾದದ್ದೇ: ದ್ವಿರುಕ್ತಿ. ಹೊಲೊ ಎಂದರೆ ಹೋಗು, ಓಡು. ಹೊಲೊಹೊಲೊ ಎಂದರೆ ಸುಮ್ಮನೆ ತಿರುಗಾಡಿಕೊಂಡು ಬರುವುದು. ಮೂತಿ ಹಂದಿಯಂತಿರುವ ಒಂದು ಪುಟ್ಟ ಮೀನಿಗೆ ಅವರ ಹೆಸರು ಹುಮುಹುಮುನುಕುನುಕುಆಪುಅ‘ಅ. ನಮ್ಮಲ್ಲಿ ಮೂರು ಅಕ್ಷರದಲ್ಲಿ ಮುಗಿಯುತ್ತಿತ್ತು. ಹೇಳಿ ಮುಗಿಸುವ ಹೊತ್ತಿಗೆ ಮೀನು ತಪ್ಪಿಸಿಕೊಂಡು ಹೋಗುವುದಿಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಇನ್ನು ವಿಕಿ ಎಂದರೆ ಬೇಗ, ವಿಕಿವಿಕಿ ಎಂದರೆ ಬೇಗಬೇಗ. ಹೊನೊಲುಲು ವಿಮಾನ ನಿಲ್ದಾಣದಲ್ಲಿ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಜನರನ್ನು ಸಾಗಿಸುವ ಬಸ್ಸಿಗೆ ಆ ಹೆಸರಿತ್ತು. ಅದನ್ನು ನೆನಪಿಟ್ಟುಕೊಂಡಿದ್ದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ತಾನು ಮಾಡಿದ, ಯಾರು ಬೇಕಾದರೂ ಥಟ್ಟನೆ ತಿದ್ದಬಹುದಾದ ಗಣಕ ಪುಟಗಳಿಗೆ ಅದೇ ಹೆಸರಿಟ್ಟ. ಅಲ್ಲಿಂದ ವಿಕಿಪೀಡಿಯ, ಅಲ್ಲಿಂದ ಕನ್ನಡ ವಿಕಿಪೀಡಿಯ. ನಮ್ಮ ಮಕ್ಕಳು ಪಂಪನ ಮೇಲೆ ಪ್ರಬಂಧ ಬರೆಯಲು ಕದ್ದು ನೋಡುವ ಪುಟದ ನೆತ್ತಿಯ ಮೇಲೂ ಒಂದು ಹವಾಯಿ ಶಬ್ದ ಕೂತಿದೆ. ಅದನ್ನು ಯಾರೂ ಪರಕೀಯ ಅಂದುಕೊಂಡಿಲ್ಲ.

ಯಾಕೆಂದರೆ ಅದು ಇಕಾರದಲ್ಲಿ ಮುಗಿಯುತ್ತದೆ. ಕನ್ನಡದ ಬಾಯಿಗೆ ವ್ಯಂಜನದಲ್ಲಿ ಮಾತು ನಿಲ್ಲಿಸುವುದೆಂದರೆ ಬಾಗಿಲು ಹಾಕದೆ ಮನೆ ಬಿಟ್ಟು ಹೋದ ಹಾಗೆ. ಬಸ್ ಬಸ್ಸಾಗಬೇಕು, ಕಾರ್ ಕಾರಾಗಿ ಉಕಾರ ಹಾಕಿಕೊಳ್ಳಬೇಕು, ಹಾಸ್ಪಿಟಲ್ ಆಸ್ಪತ್ರೆಯಾಗಿ ಮರುಜನ್ಮ ಪಡೆಯಬೇಕು. ಹವಾಯಿ ಈ ವಿಷಯದಲ್ಲಿ ನಮಗಿಂತ ಮಡಿವಂತ. ಯಾವ ಮಾತೂ ವ್ಯಂಜನದಲ್ಲಿ ನಿಲ್ಲಬಾರದು, ಎರಡು ವ್ಯಂಜನ ಪಕ್ಕಪಕ್ಕ ಕೂರಬಾರದು. ಹೊರಗಿನಿಂದ ಬಂದವರು ಹೊಸ್ತಿಲಲ್ಲೇ ಚಪ್ಪಲಿಯ ಜೊತೆ ಒತ್ತಕ್ಷರವನ್ನೂ ಬಿಟ್ಟು ಒಳಗೆ ಬರಬೇಕು. ಸಕಾರ ಇಲ್ಲ, ಅದು ಕಕಾರ. ರಕಾರ ಇಲ್ಲ, ಅದು ಲಕಾರ. ಹೀಗಾಗಿ "ಮೆರಿ ಕ್ರಿಸ್‌ಮಸ್" ಅಲ್ಲಿ "ಮೆಲೆ ಕಲಿಕಿಮಕ" ಆಗುತ್ತದೆ. ರಾಬರ್ಟ್ ಲೊಪಕ, ಡೇವಿಡ್ ಕವಿಕ, ಸ್ಯಾಮ್ಯುಯೆಲ್ ಕಮುಎಲ. ಕಾಗದ ತೆಗೆದುಕೊಂಡು ನನ್ನ ಹೆಸರನ್ನೂ ಈ ಗಾಣಕ್ಕೆ ಹಾಕಿ ನೋಡಿದೆ. ಬಕಾರ ಪಕಾರವಾಯಿತು, ಸಕಾರ ಕಕಾರವಾಯಿತು, ರ ಹೋಗಿ ಲ ಬಂತು, ಜ ಹೋಗಿ ಇನ್ನೊಂದು ಕ ಬಂತು. ಬಸವರಾಜ ಹೋಗಿ ಪಕವಲಾಕ ಹೊರಬಂದ. ಎರಡು ದಿನ ಮನೆಯಲ್ಲಿ ನನ್ನನ್ನು ಹಾಗೆಯೇ ಕರೆದರು.

ಆಮೇಲೆ ಈ ಹುಚ್ಚು ಮರೆತೇ ಹೋಗುತ್ತಿತ್ತೇನೋ. ಆದರೆ ಮಗಳಿಗೆ ಹೊನೊಲುಲುವಿನಲ್ಲಿ ಕೆಲಸವಾಯಿತು. ನಿವೃತ್ತನಾದ ಮರುವರ್ಷ ನಾವಿಬ್ಬರೂ ಅಲ್ಲಿಗೆ ಹೋದೆವು. ಎಲ್ಲರೂ ಸಮುದ್ರ ನೋಡುತ್ತಿದ್ದರೆ ನಾನು ಬೀದಿಯ ಫಲಕ ನೋಡುತ್ತಿದ್ದೆ. ಮಗಳು ಕೆಲಸಕ್ಕೆ ಹೋದ ಮೇಲೆ ಬಸ್ಸು ಹತ್ತಿ ಸುಮ್ಮನೆ ಹೊಲೊಹೊಲೊ. ಬಸ್ಸಿನಲ್ಲಿ ಮುಂದಿನ ನಿಲ್ದಾಣದ ಹೆಸರನ್ನು ಗಂಭೀರವಾದ ಗಂಡು ದನಿಯೊಂದು ಹೇಳುತ್ತದೆ. ಒಂದೊಂದು ಸ್ವರವನ್ನೂ ಬಿಡಿಬಿಡಿಯಾಗಿ, ಮುತ್ತು ಎಣಿಸಿ ಕೊಟ್ಟ ಹಾಗೆ. ಯಾವ ದ್ವೀಪದ ಹಿರಿಯರೋ ಎಂದುಕೊಂಡಿದ್ದೆ. ಅದು ಪುಅಕೇಅ ನೋಗೆಲ್‌ಮೈಯರ್ ಎಂಬ ಪ್ರಾಧ್ಯಾಪಕರ ದನಿಯಂತೆ. ಅಮೆರಿಕದ ಮುಖ್ಯ ಭೂಭಾಗದಿಂದ ಹುಡುಗನಾಗಿದ್ದಾಗ ಬಂದು, ಈ ಭಾಷೆಗೆ ಸೋತು, ಅಲ್ಲೇ ಉಳಿದು, ಅದರ ವಿದ್ವಾಂಸರಾದವರು. ಊರಿನವರಿಗೆ ಊರಿನ ಬೀದಿಗಳ ಹೆಸರನ್ನು ಹೊರಗಿನವರೊಬ್ಬರು ತಿದ್ದಿ ಹೇಳುತ್ತಾರೆ. ಕಿಟೆಲ್ಲರ ನಿಘಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಅಂಥ ಒಂದು ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಕಿವಿಯ ಮೇಲೆ ಹೂ, ಮಡಿಲಲ್ಲಿ ಟ್ಯಾರೋ ಗಡ್ಡೆಯ ಚೀಲ. ನಮ್ಮ ಕೆಸುವಿನ ಗಡ್ಡೆಯ ಬಳಗವೇ. ಗಡ್ಡೆಯಿಂದ ಮಾತು ಸುರುವಾಯಿತು. ಅಲ್ಲಿ ಅಜ್ಜಿಗೂ ಅಜ್ಜನಿಗೂ ತೂತೂ ಎನ್ನುತ್ತಾರೆ. ನನಗೆ ಮನೆಯ ಮೇಜಿನ ಮೇಲಿನ ಕಲ್ಲು ನೆನಪಾಗಿ ನಗು ಬಂತು, ತಡೆದುಕೊಂಡೆ. ಜೊತೆಗೇ ಮಾಸ್ತರಿಕೆಯೂ ಎದ್ದಿತು: 13 ಅಕ್ಷರಗಳಲ್ಲಿ ತಕಾರವೇ ಇಲ್ಲ, ಅಜ್ಜಿಯ ಹೆಸರಲ್ಲಿ ಎರಡು ತಕಾರ! ಕೇಳಿದರೆ, "ವರ್ಣಮಾಲೆ ಮಾಡಿದವರು ಅಜ್ಜಿಯನ್ನು ಕೇಳಲಿಲ್ಲ" ಅಂದರು.

ನನಗೆ ಕಲಿಯುವ ಆಸೆ ಇದೆ ಎಂದು ಗೊತ್ತಾದ ಕೂಡಲೇ ಪಾಠ ಹೇಳಿಕೊಟ್ಟರು. "‘ಒ ವೈ ಕೊಉ ಇನೊಅ?" ನಿನ್ನ ಹೆಸರೇನು? ಇದಕ್ಕೆ ಉತ್ತರ, ಹೆಸರು ಹೇಳಿ, ಕೊನೆಗೆ "ನನ್ನ ಹೆಸರು" ಅನ್ನಬೇಕು. ನಾನು ಧೈರ್ಯ ಮಾಡಿ, "‘ಒ ಪಕವಲಾಕ ಕೊಉ ಇನೊಅ" ಎಂದೆ.

ತೂತೂ ಮಡಿಲಿನ ಚೀಲ ಅಲ್ಲಾಡುವ ಹಾಗೆ ನಕ್ಕರು. "ಇಲ್ಲ, ನನ್ನ ಹೆಸರು ಅದಲ್ಲ!"

ತಪ್ಪು ಇಷ್ಟೇ. ಕೊಉ ಎಂದರೆ ನಿನ್ನ. ಕೊ‘ಉ ಎಂದರೆ ನನ್ನ. ನಡುವೆ ಗಂಟಲು ಒಂದು ಕ್ಷಣ ಮುಚ್ಚಿ ತೆರೆಯಬೇಕು. ನಾನು ಮುಚ್ಚಲಿಲ್ಲ. ನನ್ನ ಹೆಸರನ್ನು ಎತ್ತಿ ಅವರಿಗೆ ಕೊಟ್ಟುಬಿಟ್ಟಿದ್ದೆ. ಈ ಮುಚ್ಚಿ ತೆರೆಯುವುದೇ ಅವರ ಎಂಟನೆಯ ವ್ಯಂಜನ. ಅದರ ಹೆಸರು ‘ಒಕಿನ. ಕತ್ತರಿಸುವುದು ಎಂಬ ಅರ್ಥದ ‘ಒಕಿ ಎಂಬ ಮಾತಿನಿಂದ ಬಂದದ್ದು. ಬರೆಯುವಾಗ ತಲೆಕೆಳಗಾದ ಪುಟ್ಟ ಅಲ್ಪವಿರಾಮದಂಥ ಒಂದು ಕೊಂಡಿ. ನಾನು ಇಲ್ಲಿ ಅಲ್ಲಲ್ಲಿ ಹಾಕುತ್ತಿರುವುದು ಅದನ್ನೇ. ಅದು ಇದ್ದರೆ ಮೊ‘ಅ, ಬೆಂದದ್ದು. ಇಲ್ಲದಿದ್ದರೆ ಮೊಅ, ಬರೀ ಕೋಳಿ. ಒಲೆಗೆ ಬೆಂಕಿ ಹಾಕುವ ಕೆಲಸವನ್ನೂ ಅದೇ ಮಾಡುತ್ತದೆ.

ಅವರ ಪ್ರಶ್ನೆಯ ಮೊದಲಲ್ಲಿರುವ ‘ಒ ಎಂಬುದಕ್ಕೂ ಒಂದು ಕತೆ ಇದೆ. ಅದಕ್ಕೆ ಬೇರೆ ಅರ್ಥವಿಲ್ಲ, ಹೆಸರಿನ ಮುಂದೆ ನಿಂತು "ಇದೇ" ಎಂದು ಕೈ ತೋರಿಸುವ ಕೆಲಸ. 1778ರಲ್ಲಿ ಕ್ಯಾಪ್ಟನ್ ಕುಕ್ ಹಡಗಿನಲ್ಲಿ ಬಂದಾಗ ಜನ ತಮ್ಮ ದೊಡ್ಡ ದ್ವೀಪವನ್ನು ಹೆಸರಿಸುತ್ತ ‘ಒ ಹವೈ‘ಇ ಎಂದರು. ಇದು ಹವೈ‘ಇ ಎಂದು ಅದರ ಅರ್ಥ. ಇಂಗ್ಲಿಷರು ಇಡಿಯಾಗಿ ನುಂಗಿ "ಓವೈಹೀ" ಎಂದು ನಕ್ಷೆಯ ಮೇಲೆ ಬರೆದುಕೊಂಡರು. ನಮ್ಮೂರಿಗೆ ಬಂದವನೊಬ್ಬ "ಇದು ಯಾವೂರು?" ಎಂದು ಕೇಳಿ, "ಇದು ವಿಜಾಪುರ" ಎಂಬ ಉತ್ತರವನ್ನು "ಇದುವಿಜಾಪುರ" ಎಂದು ಬರೆದುಕೊಂಡು ಹೋದ ಹಾಗೆ. ಬೇಡದ ‘ಒ ಸೇರಿಸಿಕೊಂಡರು, ಬೇಕಾದ ಗಂಟಲ ತಡೆಯನ್ನು ಬಿಟ್ಟರು. ಹವೈ‘ಇ ಎಂಬುದರಲ್ಲಿ ಆ ತಡೆ ಇರುವ ಜಾಗದಲ್ಲೇ ನಮ್ಮ "ಹವಾಯಿ"ಯ ಯಕಾರ ಮೈಚಾಚಿಕೊಂಡು ಮಲಗಿರುವುದು.

ಬಸ್ಸಿನಲ್ಲಿ ಎಷ್ಟು ಸಲ ಹೇಳಿದರೂ ಆ ತಡೆ ನನಗೆ ಬರಲೊಲ್ಲದು. ತೂತೂ ತಮ್ಮ ಎದೆ ಮುಟ್ಟಿಕೊಂಡು ಕೊ‘ಉ ಅನ್ನುವರು, ನನ್ನ ಕಡೆ ಬೆರಳು ಮಾಡಿ ಕೊಉ ಅನ್ನುವರು. ನನ್ನ ಬಾಯಲ್ಲಿ ಒಮ್ಮೆ ಕೊವು, ಒಮ್ಮೆ ಕೊಹು, ಮತ್ತೊಮ್ಮೆ ಬರೀ ಕೆಮ್ಮು. ಕೊನೆಗೆ ನನ್ನನ್ನು ಪಾರುಮಾಡಿದವಳು ನಮ್ಮ ಅಮ್ಮ, ತೀರಿಕೊಂಡು ಇಪ್ಪತ್ತು ವರ್ಷವಾದ ಮೇಲೆ. ಸೌದೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೂತಿರುತ್ತಿದ್ದಳು. ಅಂಬೆಗಾಲಿಡುವ ಕೂಸು ಒಲೆಯ ಕಡೆ ಹೊರಟರೆ ಕೈಯ ಹಿಟ್ಟು ಬಿಡಿಸಿಕೊಳ್ಳಲು ಹೊತ್ತಿಲ್ಲ. ಕೂತಲ್ಲಿಂದಲೇ "ಆ! ಆ! ಆ!" ಕೂಸು ಅಲ್ಲೇ ನಿಲ್ಲುತ್ತಿತ್ತು. ಅದನ್ನು ನಿಲ್ಲಿಸುತ್ತಿದ್ದದ್ದು ಆಕಾರವಲ್ಲ. ಒಂದು ಆಕಾರಕ್ಕೂ ಇನ್ನೊಂದಕ್ಕೂ ನಡುವೆ ಅಮ್ಮನ ಗಂಟಲು ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತಲ್ಲ, ಅದು. ಆ ಸದ್ದನ್ನು ನೆನಪಿಸಿಕೊಂಡು ಹೇಳಿದೆ. ಕೊ‘ಉ. ತೂತೂ ನನ್ನ ಬೆನ್ನು ತಟ್ಟಿದರು. ಕನ್ನಡದಲ್ಲಿ ಈ ಸದ್ದು ಇಲ್ಲವೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಇಲ್ಲದ್ದು ಅಕ್ಷರ ಮಾತ್ರ. ಇನ್ನು ಆ ಮುಳ್ಳುಲಾವಾದ ಹೆಸರು ‘ಅ‘ಆ ಎಂದು ಹೇಳುವುದು ಏನು ಮಹಾ? ಬರಿಗಾಲಲ್ಲಿ ಅದನ್ನು ತುಳಿದರೆ ಯಾರಾದರೂ ಹಾಗೇ ಕೂಗುತ್ತಾರೆ ಎಂದು ಅಲ್ಲಿಯವರೇ ತಮಾಷೆ ಮಾಡುತ್ತಾರೆ.

ಮಗಳ ಮನೆಗೆ ಮರಳಿದ ಮೇಲೆ ಆ ತಡೆಯ ಜಾತಕ ಹುಡುಕುತ್ತ ಕೂತೆ. ಹವಾಯಿಯ ಬಂಧುಬಳಗ ಬಹಳ ದೊಡ್ಡದು. ತೈವಾನಿನಿಂದ ಹೊರಟು ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹರಡಿದ ಮಂದಿಯ ಭಾಷೆಗಳು. ಪಶ್ಚಿಮದಲ್ಲಿ ಆಫ್ರಿಕದ ಮಗ್ಗುಲಿನ ಮಡಗಾಸ್ಕರ್, ಪೂರ್ವದಲ್ಲಿ ಈಸ್ಟರ್ ದ್ವೀಪ. ಈ ಆಸ್ಟ್ರೊನೇಷಿಯನ್ ಮನೆತನದಲ್ಲಿ 1,200ಕ್ಕೂ ಹೆಚ್ಚು ಭಾಷೆಗಳಿವೆ. ಒಂದು ಮೀನನ್ನು ಹಿಡಿದುಕೊಂಡು ಅಲ್ಲಿಂದಿಲ್ಲಿಗೆ ಬರಬಹುದು. ಮಲಯದಲ್ಲಿ ಮೀನು ಇಕಾನ್. ನ್ಯೂಜಿಲೆಂಡಿನ ಮಾವೊರಿಯಲ್ಲಿ ಕೊನೆಯ ನಕಾರ ಉದುರಿ ಇಕ. ಹವಾಯಿಯಲ್ಲಿ ಇ‘ಅ. ಅಂದರೆ ಆ ಗಂಟಲ ತಡೆ ಹಿಂದೊಂದು ಕಾಲಕ್ಕೆ ಕಕಾರವಾಗಿತ್ತು! ಕಕಾರ ನಾಲಿಗೆಯ ಬುಡದಿಂದ ಇಳಿದು ಇಳಿದು ಗಂಟಲೊಳಗೆ ಹೋಗಿ ಕೂತಿದೆ. ಕಕಾರ ಎದ್ದು ಹೋದದ್ದರಿಂದ ಅದರ ಕುರ್ಚಿ ಖಾಲಿಯಾಯಿತು. ತಕಾರ ಬಂದು ಅದರಲ್ಲಿ ಕೂತಿತು. ಮಾವೊರಿಯ ಮತ, ಅಂದರೆ ಕಣ್ಣು, ಹವಾಯಿಯಲ್ಲಿ ಮಕ. ಅಲ್ಲಿಯ ತಪು, ನಿಷಿದ್ಧ, ಇಲ್ಲಿಯ ಕಪು. ಅಲ್ಲಿಯ ತಂಗತ, ಮನುಷ್ಯ, ಇಲ್ಲಿಯ ಕನಕ. ಮಕ್ಕಳ ಸಂಗೀತ ಕುರ್ಚಿ ಆಟದ ಹಾಗೆ ಒಬ್ಬರು ಎದ್ದರೆ ಇನ್ನೊಬ್ಬರು. ಆದರೆ ನಿ‘ಇಹಉ ಎಂಬ ಚಿಕ್ಕ ದ್ವೀಪದಲ್ಲಿ ತಕಾರ ಇಂದಿಗೂ ಪೂರ್ತಿ ಎದ್ದಿಲ್ಲ. 1864ರಿಂದ ಒಂದೇ ಕುಟುಂಬದ ಖಾಸಗಿ ಆಸ್ತಿಯಾಗಿರುವ ಆ ದ್ವೀಪದಲ್ಲಿ ಹವಾಯಿ ಮನೆಮಾತಾಗಿ ಒಮ್ಮೆಯೂ ತುಂಡಾಗದೆ ಉಳಿದಿದೆ. ಅಲ್ಲಿಯವರ ಬಾಯಲ್ಲಿ ತಕಾರವೂ ಉಂಟು. ಮಿಕ್ಕ ದ್ವೀಪಗಳಲ್ಲಿ ಅದು ಅಜ್ಜಿಯ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದೆ.

ಇನ್ನೊಂದು ಸರಪಳಿಯನ್ನು ನೋಡಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬೆಂಕಿಗೆ ಮಲಯದಲ್ಲಿ ಆಪಿ, ಸಮೋಅದಲ್ಲಿ ಅಫಿ, ಹವಾಯಿಯಲ್ಲಿ ಅಹಿ. ಪಕಾರ ತುಟಿ ಸಡಿಲಿಸಿ ಫಕಾರವಾಯಿತು, ಇನ್ನಷ್ಟು ಸಡಿಲಿಸಿ ಬರೀ ಉಸಿರಾಯಿತು. ಇದು ನಮ್ಮ ಮನೆಯ ಕತೆಯೇ ಅಲ್ಲವೇ? ಪಾಲ್ ಹಾಲಾದದ್ದು, ಪುಲಿ ಹುಲಿಯಾದದ್ದು, ಪಳ್ಳಿ ಹಳ್ಳಿಯಾದದ್ದು, ಪೂ ಹೂವಾದದ್ದು ಹೀಗೇ. ತಮಿಳರು ಇವತ್ತಿಗೂ ತುಟಿ ಬಿಗಿಹಿಡಿದು ಪಾಲ್ ಕುಡಿಯುತ್ತಾರೆ. ನಾವು ತುಟಿ ಬಿಟ್ಟೆವು. ಈ ಎರಡು ಮನೆತನಗಳಿಗೆ ಕೊಡುಕೊಳ್ಳುವುದು ಏನೇನೂ ಇರಲಿಲ್ಲ. ಆದರೂ ತುಟಿಯ ದಣಿವು ಎಲ್ಲ ಕಡೆ ಒಂದೇ.

ಹಾಗಾದರೆ ಬಿಟ್ಟುಹೋದ ಅಕ್ಷರ ಸಂಪೂರ್ಣ ಹೋಗಿಬಿಡುತ್ತದೆಯೇ? 13ನೆಯ ಶತಮಾನದಲ್ಲಿ ವೈಯಾಕರಣ ಕೇಶಿರಾಜ ಕನ್ನಡದ ಶುದ್ಧಗೆಯ, ಅಂದರೆ ಅಚ್ಚ ಕನ್ನಡದ ವರ್ಣಮಾಲೆಯ, ಲೆಕ್ಕ ಹಾಕಿ 47 ಅಕ್ಷರ ಎಂದಾಗ ಅದರಲ್ಲಿ ೞ ಇತ್ತು. ಅಷ್ಟರಲ್ಲಾಗಲೇ ಅದು ಜನರ ಬಾಯಲ್ಲಿ ಜಾರತೊಡಗಿತ್ತು. ಅದಕ್ಕೇ ಪುಣ್ಯಾತ್ಮ ೞಕಾರ ಎಲ್ಲೆಲ್ಲಿ ಬರುತ್ತದೆಂದು ಶಬ್ದಗಳ ಪಟ್ಟಿಯನ್ನೇ ಕೊಟ್ಟ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ೞ ಹೋದ ಮೇಲೆ ಬದುಕೂ ಕತ್ತಿಯೂ ಒಂದೇ ಬಾಳಾದವು. ಇದನ್ನು ಪಾಠ ಮಾಡುವಾಗ ಪ್ರತಿವರ್ಷ ಒಬ್ಬ ಹುಡುಗನಾದರೂ "ಹೌದಲ್ರೀ ಸರ" ಎಂದು ನಿಟ್ಟುಸಿರು ಬಿಡುತ್ತಿದ್ದ. ಆದರೂ ೞ ಪೂರ್ತಿ ಹೋಗಿಲ್ಲ. ಬೀೞ್ ಎಂಬುದರ ಬಿೞ್ದು ಇವತ್ತು ಬಿದ್ದು ಆಗಿದೆ. ಅಲ್ಲಿ ದಕಾರಕ್ಕೆ ಒತ್ತು ಎಲ್ಲಿಂದ ಬಂತು? ಬಿದ್ದುಹೋದ ೞಕಾರದ ಭಾರವನ್ನು ಪಕ್ಕದವನು ಹೊತ್ತಿದ್ದಾನೆ. ನಾವು ಎದ್ದಾಗ, ಬಿದ್ದಾಗ ಎರಡೂ ಸಲ ಆ ಅಕ್ಷರದ ಮೇಲೆ ಕಾಲಿಟ್ಟೇ ಏಳುತ್ತೇವೆ, ಬೀಳುತ್ತೇವೆ.

ಹವಾಯಿಗೆ ಲಿಪಿ ಬಂದದ್ದು 1820ರಲ್ಲಿ ಅಮೆರಿಕದಿಂದ ಬಂದಿಳಿದ ಮಿಷನರಿಗಳ ಜೊತೆ. 1822ರ ಜನವರಿ 7ರಂದು ಹೊನೊಲುಲುವಿನಲ್ಲಿ ಮೊದಲ ಹಾಳೆ ಅಚ್ಚಾಯಿತು. ಅಚ್ಚಿನ ಸನ್ನೆಯನ್ನು ಎಳೆದವನು ದ್ವೀಪದ ಒಬ್ಬ ನಾಯಕ. ಆದರೆ ಯಾವ ಅಕ್ಷರಗಳನ್ನು ಇಟ್ಟುಕೊಳ್ಳುವುದು? ಒಬ್ಬನ ಬಾಯಲ್ಲಿ ತಕಾರ ಕೇಳಿದರೆ ಇನ್ನೊಬ್ಬನ ಬಾಯಲ್ಲಿ ಕಕಾರ. ಅರಸನನ್ನು ಒಬ್ಬರು ತಮೆಹಮೆಹ ಎಂದರೆ ಇನ್ನೊಬ್ಬರು ಕಮೆಹಮೆಹ. ರ-ಲ, ಬ-ಪ, ವಕಾರದ ಎರಡು ರೂಪ, ಎಲ್ಲ ಅದಲುಬದಲು. ಮಿಷನರಿಗಳು 1826ರಲ್ಲಿ ಮತ ಹಾಕಿ ತೀರ್ಮಾನಿಸಿದರು. ತ, ರ, ಬ, ದ ಸೋತು ಮನೆಗೆ ಹೋದವು. ಅಕ್ಷರಗಳಿಗೂ ಚುನಾವಣೆ! ನಮ್ಮ ಮಹಾಪ್ರಾಣಗಳು ಚುನಾವಣೆಗೆ ನಿಂತರೆ ಠೇವಣಿ ಉಳಿಸಿಕೊಂಡಾವೇ ಎಂಬ ಅನುಮಾನ ನನಗಿದೆ. ಆ ಚುನಾವಣೆಯಲ್ಲಿ ಗಂಟಲ ತಡೆಗೆ ಉಮೇದುವಾರಿಕೆಯೇ ಸಿಗಲಿಲ್ಲ. ಇಂಗ್ಲಿಷ್ ಕಿವಿಗೆ ಅದು ಅಕ್ಷರವಾಗಿ ಕೇಳಿಸಲಿಲ್ಲ.

ಒಂದು ಕಡೆ ಮಾತ್ರ ಅವರಿಗೂ ಅದನ್ನು ಬಿಡಲಾಗಲಿಲ್ಲ. ಬೈಬಲ್ ಅಚ್ಚು ಹಾಕುವಾಗ ಕೊ‘ಉ, ಕೊಉ ಎಂಬ ಎರಡು ಮಾತನ್ನು ಬೇರೆ ಮಾಡಿ ತೋರಿಸಲು ಒಂದು ಕೊಂಡಿಚಿಹ್ನೆ ಹಾಕಿದರು. ಉಳಿದ ಮಾತುಗಳನ್ನು ಓದುವವನು ಊಹಿಸಿಕೊಂಡಾನು. ದೇವರ ಮಾತಿನಲ್ಲಿ ನನ್ನದು ಯಾವುದು, ನಿನ್ನದು ಯಾವುದು ಎಂಬುದು ಕಲಸಿಹೋದರೆ ಹೇಗೆ?

ದೇವರ ಪುಸ್ತಕದ ಹೊರಗೆ ಅದು ಕಲಸಿಯೇಹೋಯಿತು. 1848ರಲ್ಲಿ ನೆಲವನ್ನು ಪಾಲು ಮಾಡಿ ಖಾಸಗಿ ಒಡೆತನಕ್ಕೆ ದಾರಿ ಮಾಡಲಾಯಿತು. 1893ರಲ್ಲಿ ರಾಣಿ ಲಿಲಿ‘ಉಒಕಲನಿಯನ್ನು ಸಿಂಹಾಸನದಿಂದ ಇಳಿಸಿದರು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಮಾಧ್ಯಮ ಮಾಡಿತು. ಅದಕ್ಕೆ ಮುಂಚೆ ಅದೆಂಥ ಓದುವ ನಾಡು! ಹವಾಯಿ ಭಾಷೆಯ ಮೊದಲ ಪತ್ರಿಕೆ 1834ರದು. ನಮ್ಮ ಮಂಗಳೂರು ಸಮಾಚಾರಕ್ಕಿಂತ ಒಂಬತ್ತು ವರ್ಷ ಹಿರಿಯದು. 1948ರ ವರೆಗೆ ನೂರಕ್ಕೂ ಹೆಚ್ಚು ಪತ್ರಿಕೆಗಳು ಬಂದು ಹೋದವು. ಅಷ್ಟೂ ಪುಟಗಳಲ್ಲಿ ಗಂಟಲ ತಡೆಗೆ ಗುರುತು ಅಪರೂಪ. ಓದುವವರ ಗಂಟಲಲ್ಲಿ ಅದು ಇತ್ತಲ್ಲ, ಕಾಗದದ ಮೇಲೆ ಬೇಕಾಗಿರಲಿಲ್ಲ. ಗಂಟಲು ಬದಲಾದಾಗ ತೊಂದರೆ ಸುರುವಾಯಿತು.

ತೂತೂ ಹೇಳಿದ್ದೂ ಇದನ್ನೇ. ಅವರ ಅಮ್ಮ ಚಿಕ್ಕವಳಿದ್ದಾಗ ಶಾಲೆಯಲ್ಲಿ ಮನೆಮಾತಾಡಿ ಕೈಗೆ ಪೆಟ್ಟು ತಿಂದವಳು. ಮಗಳಿಗೂ ಅದೇ ಪೆಟ್ಟು ಬೀಳದಿರಲಿ ಎಂದು ಮನೆಯಲ್ಲೂ ಇಂಗ್ಲಿಷನ್ನೇ ಆಡಿದಳು. ಗಂಡನ ಜೊತೆ ಗುಟ್ಟು ಮಾತಾಡುವಾಗ ಮಾತ್ರ ಹವಾಯಿ. "ಬಾಗಿಲ ಸಂದಿಯಿಂದ ಕೇಳಿದ ಭಾಷೆ ನನ್ನದು" ಅಂದರು ತೂತೂ. "ಹಾಗಾದರೆ ನಿಮಗೆ ಕಲಿಸಿದವರು ಯಾರು?" ಎಂದು ಕೇಳಿದೆ. ಅವರು ಕೈಯನ್ನು ಸೀಟಿನ ಎತ್ತರಕ್ಕೆ ಹಿಡಿದು ತೋರಿಸಿದರು. ಮೊಮ್ಮಗ.

ನುಡಿಗೂಡು ಎಂಬ ಅರ್ಥದ ಪೂನನ ಲೆಒ ಎಂಬ ಶಿಶುವಿಹಾರಗಳನ್ನು ಕೆಲವು ಹಟಮಾರಿಗಳು ಕಟ್ಟಿದರು. ಮಾವೊರಿಗಳು ತಮ್ಮಲ್ಲಿ ತೆರೆದ ಇಂಥದೇ ಗೂಡುಗಳನ್ನು ನೋಡಿ ಹುರುಪುಗೊಂಡವರು. ಮೊದಲನೆಯದು 1984ರಲ್ಲಿ ಕಉಅ‘ಇ ದ್ವೀಪದಲ್ಲಿ ತೆರೆಯಿತು. ಒಳಗೆ ಕಾಲಿಟ್ಟ ಕೂಸಿಗೆ ಹವಾಯಿ ಬಿಟ್ಟು ಬೇರೆ ಮಾತಿಲ್ಲ. ಶಾಲೆಯ ಮೇಲಿದ್ದ ಹಳೆಯ ಕಾನೂನಿನ ತಡೆ ತೆರವಾಗಿದ್ದು ಅದಾದ ಎರಡು ವರ್ಷಕ್ಕೆ. ಆ ಮಕ್ಕಳಿಗೆ ಕಲಿಸಲು ಹೊರಟವರ ಕೈಗೆ ಒದಗಿದ್ದು ಮೇರಿ ಕವೆನ ಪೂಕು‘ಇ ಮತ್ತು ಸ್ಯಾಮ್ಯುಯೆಲ್ ಎಲ್ಬರ್ಟ್ ಸೇರಿ 1957ರಲ್ಲಿ ಹೊರತಂದ ನಿಘಂಟು. ಅದರಲ್ಲಿ ಪ್ರತಿ ಗಂಟಲ ತಡೆಗೂ ಕೊಂಡಿ, ಪ್ರತಿ ದೀರ್ಘಕ್ಕೂ ಗೆರೆ. ಕೇಶಿರಾಜ ೞಕಾರದ ಪಟ್ಟಿ ಮಾಡಿದ ಹಾಗೆಯೇ. ಇವರ ಪಟ್ಟಿಯ ಹಿಂದೆಯೇ ಶಿಶುವಿಹಾರವೂ ಬಂತು, ಅಷ್ಟು ಪುಣ್ಯ. ತೂತೂವಿನ ಮೊಮ್ಮಗ ಅಂಥ ಗೂಡಿನಿಂದ ಸಂಜೆ ಮನೆಗೆ ಬಂದು, ಅಜ್ಜಿ ತಡೆ ನುಂಗಿದಾಗಲೆಲ್ಲ ತಿದ್ದುತ್ತಿದ್ದನಂತೆ. "ತೂತೂ, ಅದು ನಿನ್ನದಲ್ಲ, ನನ್ನದು."

‘ಐಎಅದಲ್ಲಿ ಅವರು ಇಳಿದರು. ಬಸ್ಸಿನ ಆ ದನಿ ಊರಿನ ಹೆಸರನ್ನು ಹೇಳುವಾಗ ಐಕಾರಕ್ಕೆ ಮುಂಚೆ ಗಂಟಲು ಮುಚ್ಚಿದ್ದು ಈಗ ನನಗೂ ಕೇಳಿಸಿತು.

ಊರಿಗೆ ಬಂದ ಮೇಲೆ ಮೇಜಿನ ಮೇಲಿನ ಕಲ್ಲನ್ನು ಮತ್ತೆ ನೋಡಿದೆ. ಲಾವಾ ಆರುವಾಗ ಒಳಗಿದ್ದ ಗಾಳಿ ತಪ್ಪಿಸಿಕೊಂಡು ಹೋಗಿದೆ, ಅದು ಇದ್ದ ಜಾಗ ತೂತಾಗಿ ಉಳಿದಿದೆ. ಕೆಲವು ತೂತುಗಳಲ್ಲಿ ಆಮೇಲೆ ನೀರು ಇಳಿದು ಬಿಳಿಯ ಹರಳು ಕಟ್ಟಿದೆ, ಬಿದ್ದು ಎಂಬುದರ ದಒತ್ತಿನ ಹಾಗೆ. ಕೆಲವು ಹಾಗೆಯೇ ಖಾಲಿ. ಬೆರಳು ತೂರಿಸಿದರೆ ಅಂಚು ಚುಚ್ಚುತ್ತದೆ. ಅಂದ ಹಾಗೆ ಬಾವಿಗೆ ನೀರು ಬಂತು. ಗೆಳೆಯ ಬಂದ ದಿನ ಮುಟ್ಟಿದ್ದ ಆಳದಿಂದ ಹತ್ತು ಅಡಿ ಕೆಳಗೆ.

ಆ ವರ್ಷ ಶ್ರಾವಣದಲ್ಲಿ ಮಗಳು ಬಂದಾಗ ಎಲ್ಲರೂ ಗೋಲ್‌ಗುಮ್ಮಟಕ್ಕೆ ಹೋದೆವು. ಅದೇ ಕರಿಕಲ್ಲಿನ ಗೋಡೆ, ಕೆಳಗೆ ಮುಹಮ್ಮದ್ ಆದಿಲ್‌ಶಾಹನ ಗೋರಿ. ಮೆಟ್ಟಿಲು ಹತ್ತಿ ಪಿಸುಗುಟ್ಟುವ ಮೊಗಸಾಲೆಗೆ ಬಂದರೆ ಯಾವಾಗಲೂ ಇರುವ ಗದ್ದಲವೇ. ಮಕ್ಕಳು ತಮ್ಮ ತಮ್ಮ ಹೆಸರು ಕೂಗುತ್ತಿದ್ದರು, ಹರೆಯದವರು ಶಿಳ್ಳೆ ಹಾಕುತ್ತಿದ್ದರು, ಕಾವಲುಗಾರ ಎಲ್ಲರಿಗಿಂತ ಜೋರಾಗಿ "ಸದ್ದು ಮಾಡಬ್ಯಾಡ್ರಿ" ಎನ್ನುತ್ತಿದ್ದ. ಸ್ವಲ್ಪ ಹೊತ್ತು ಕಾದೆ. ಗದ್ದಲ ಇಳಿದ ಒಂದು ಗಳಿಗೆ ನೋಡಿ, ಅಮ್ಮನನ್ನು ನೆನೆದು, ಗಂಟಲನ್ನು ಸರಿಯಾಗಿ ಮುಚ್ಚಿ ತೆರೆದು, "ಕೊ‘ಉ" ಎಂದೆ. ನನ್ನದು.

ಗುಮ್ಮಟ ಒಂದು ಸದ್ದು ಆರುವ ಮುಂಚೆ ಇನ್ನೊಂದನ್ನು ಅದರ ಮೇಲೆ ಹೊದಿಸುತ್ತದೆ. ನನ್ನ ಆ ಪುಟ್ಟ ತಡೆ ಅದರಲ್ಲಿ ಮುಚ್ಚಿಹೋಯಿತು. ಎದುರಿನ ಗೋಡೆಯಿಂದ ಮಾತು ನುಣ್ಣಗೆ, ಲಾವಾದ ಹಾಗೆ ಹರಿದು ಬಂತು. ಕೊಉ, ಕೊಉ, ಕೊಉ, ಕೊಉ.

ನಾನು ಒಂದು ಸಲ ನನ್ನದು ಎಂದದ್ದಕ್ಕೆ ಅದು ಮತ್ತೆ ಮತ್ತೆ ನಿನ್ನದು ಎಂದಿತು. ಮಗಳು ಬಂದು, "ಅಪ್ಪಾ, ಯಾಕ ಕೆಮ್ಮತೀ? ನೀರು ಕುಡೀತಿ ಏನು?" ಎಂದು ಬಾಟ್ಲಿ ಮುಂದೆ ಹಿಡಿದಳು.